80, 81 ಆದಮೇಲೆ ಜೋಡಿಯೇ ಸಿಗುತ್ತಿಲ್ಲ, ಯಾಕೆ?

ಬೆಂಚ್‌ಕೊನೆ · ಶನಿವಾರ ರಾತ್ರಿ 11.20

ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ. ಮೊನ್ನೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಇತ್ತು. ಪ್ರಶ್ನೆ ಇಷ್ಟೇ. 2, 3, 5 ಬಿಟ್ಟು ಬೇರೆ ಯಾವ ಅವಿಭಾಜ್ಯ ಅಪವರ್ತನವೂ ಇಲ್ಲದ ಸಂಖ್ಯೆಗಳನ್ನು ಸಾಲಾಗಿ ಬರೆದರೆ 1500ನೆಯದು ಯಾವುದು? ಸಾಲು ಹೀಗಿರುತ್ತದೆ: 1, 2, 3, 4, 5, 6, 8, 9, 10, 12, 15, 16, 18, 20... ಇದರಲ್ಲಿ 7 ಇಲ್ಲ, 11 ಇಲ್ಲ. 14 ಕೂಡ ಇಲ್ಲ, ಅದರೊಳಗೆ 7 ಕೂತಿದೆ.

ನಾನು ಒಂದೊಂದೇ ಸಂಖ್ಯೆ ತಗೊಂಡು, 2ರಿಂದ, 3ರಿಂದ, 5ರಿಂದ ಭಾಗಿಸುತ್ತಾ ಹೋಗಿ, ಕೊನೆಗೆ 1 ಉಳಿದರೆ ಪಟ್ಟಿಗೆ ಸೇರಿಸುವ ಹಾಗೆ ಬರೆದೆ. ಪ್ರೋಗ್ರಾಂ ಓಡಿತು. ಓಡುತ್ತಲೇ ಇತ್ತು. ಎದುರು ಕೂತವರು ಕಾಫಿ ಕುಡಿದು ಮುಗಿಸಿದರು. ಆಮೇಲೆ "ನಾವೇ ತಿಳಿಸ್ತೀವಿ" ಅಂದರು. ಅರ್ಥ ಆಯ್ತಲ್ಲ.

ನನ್ನ ಪ್ರಶ್ನೆ ಅದರ ಬಗ್ಗೆ ಅಲ್ಲ. ಮನೆಗೆ ಬಂದು ಹಠಕ್ಕೆ ಬಿದ್ದು ಇಡೀ ಪಟ್ಟಿ ತೆಗೆಸಿದೆ. ಅಕ್ಕಪಕ್ಕದ ಸಂಖ್ಯೆಗಳು ಎರಡೂ ಪಟ್ಟಿಯಲ್ಲಿ ಇರುವ ಜೋಡಿಗಳನ್ನು ಗುರುತು ಮಾಡುತ್ತಾ ಹೋದೆ. 1-2, 2-3, 3-4, 4-5, 5-6, 8-9, 9-10, 15-16, 24-25, 80-81. ಅಷ್ಟೇ, ಹತ್ತು. 200 ಕೋಟಿ ದಾಟಿ ಹೋದರೂ ಹನ್ನೊಂದನೆಯದು ಇಲ್ಲ. ಎಲ್ಲೋ ದೂರದಲ್ಲಿ ಇದೆಯಾ, ಇಲ್ಲವೇ ಇಲ್ಲವಾ? ಇಲ್ಲ ಅಂತಾದರೆ ಯಾಕೆ?

ಮೂರುಬೆರಳು · ಶನಿವಾರ ರಾತ್ರಿ 11.52

ಜೋಡಿ ವಿಷಯ ಬಲ್ಲವರು ಹೇಳಲಿ. ಇಂಟರ್‌ವ್ಯೂ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ನಾನೂ ಅಲ್ಲೇ ಬಿದ್ದವನು.

ಹುಡುಕಬೇಡಿ ಗುರೂ, ಹುಟ್ಟಿಸಿ. 1 ಬಿಟ್ಟರೆ ಪಟ್ಟಿಯ ಪ್ರತಿ ಸಂಖ್ಯೆಯೂ ಪಟ್ಟಿಯಲ್ಲೇ ಇರುವ ಚಿಕ್ಕ ಸಂಖ್ಯೆಯ ಎರಡರಷ್ಟೋ, ಮೂರರಷ್ಟೋ, ಐದರಷ್ಟೋ ಆಗಿರಲೇಬೇಕು. ಮೊದಲು 1 ಬರೆಯಿರಿ. ಅದರ ಮೇಲೆ ಮೂರು ಬೆರಳು ಇಡಿ. ಒಂದು ಬೆರಳು 2ರದ್ದು, ಒಂದು 3ರದ್ದು, ಒಂದು 5ರದ್ದು. ಬೆರಳಿನ ಕೆಳಗಿರುವುದನ್ನು ಆ ಬೆರಳಿನ ಸಂಖ್ಯೆಯಿಂದ ಗುಣಿಸಿ: 2, 3, 5. ಚಿಕ್ಕದು 2, ಬರೆದುಕೊಳ್ಳಿ, 2ರ ಬೆರಳನ್ನು ಒಂದು ಮನೆ ಮುಂದೆ ಸರಿಸಿ. ಈಗ 4, 3, 5. ಚಿಕ್ಕದು 3. ಹೀಗೇ ಹೋಗಿ. 6ರಂಥದ್ದು ಬಂದಾಗ ಮಾತ್ರ ಹುಷಾರು. 2×3 ಅಂತ ಒಂದು ಬೆರಳೂ 3×2 ಅಂತ ಇನ್ನೊಂದು ಬೆರಳೂ ಅದನ್ನೇ ತೋರಿಸುತ್ತವೆ. ಒಂದೇ ಸಲ ಬರೆದು ಎರಡೂ ಬೆರಳನ್ನು ಸರಿಸಬೇಕು. ನಾನು ಬಿದ್ದದ್ದು ಅಲ್ಲೇ.

ಹಳೇ ಲೆಕ್ಕ ಇದು. ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ ಹೆಸರಿನಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1970ರ ದಶಕದಲ್ಲೇ ಪ್ರಚಾರಕ್ಕೆ ತಂದಿದ್ದರು. ಅದಕ್ಕೇ ಹ್ಯಾಮಿಂಗ್ ಸಂಖ್ಯೆ ಅಂತಲೂ ಕರೆಯುತ್ತಾರೆ. ಪೂರ್ಣಾಂಕ ಶ್ರೇಣಿಗಳ ಆನ್‌ಲೈನ್ ವಿಶ್ವಕೋಶ ಇದೆಯಲ್ಲ, ನೀಲ್ ಸ್ಲೋನ್ 1964ರಲ್ಲಿ ಕಾರ್ಡುಗಳ ಮೇಲೆ ಬರೆದಿಡಲು ಶುರು ಮಾಡಿದ್ದು, ಅದರಲ್ಲಿ ಎ051037 ಅಂತ ಹುಡುಕಿ. ಕೋಡಿಂಗ್ ಪ್ರಾಕ್ಟೀಸ್ ಸೈಟುಗಳಲ್ಲಿ ಮಾತ್ರ ಇದಕ್ಕೆ 'ಅಗ್ಲಿ ನಂಬರ್' ಅಂತ ಹೆಸರು.

ಬೆಂಚ್‌ಕೊನೆ · ಭಾನುವಾರ ಬೆಳಿಗ್ಗೆ 8.05

ಬರೆದು ನೋಡಿದೆ. ಎಂಟರ್ ಒತ್ತಿ ಬೆರಳು ಎತ್ತುವಷ್ಟರಲ್ಲಿ ಉತ್ತರ: 85,99,63,392. ಹೊಟ್ಟೆ ಉರಿಯಿತು.

ಸುಮ್ನೆ ಹತ್ತು ಲಕ್ಷದನೆಯದನ್ನೂ ಕೇಳಿದೆ. 84 ಅಂಕಿಗಳ ಸಂಖ್ಯೆ, ಕೊನೆಯಲ್ಲಿ ಸಾಲಾಗಿ 55 ಸೊನ್ನೆ. ಬಿಡಿಸಿ ನೋಡಿದರೆ 2ರ 55ನೇ ಘಾತ, 3ರ 47ನೇ ಘಾತ, 5ರ 64ನೇ ಘಾತ. ಇದನ್ನು ನನ್ನ ಹಳೇ ಪ್ರೋಗ್ರಾಂಗೆ ಕೊಟ್ಟಿದ್ದರೆ ಸೂರ್ಯ ಆರಿಹೋದ ಮೇಲೂ ಓಡುತ್ತಿತ್ತು.

ನಿವೃತ್ತಮೇಷ್ಟ್ರು · ಭಾನುವಾರ ಬೆಳಿಗ್ಗೆ 9.40

ಈ 'ಅಗ್ಲಿ' ಅನ್ನುವ ಹೆಸರು ಇಟ್ಟವರ ಮೇಲೆ ನನಗೆ ಸ್ವಲ್ಪ ಸಿಟ್ಟು ಇದೆ. ಇಷ್ಟು ಉಪಕಾರಿ ಸಂಖ್ಯೆಗಳು ಬೇರೆ ಇಲ್ಲ.

ಸುಮಾರು 3800 ವರ್ಷ ಹಿಂದಿನ ಬ್ಯಾಬಿಲೋನಿನ ಲಿಪಿಕಾರರು 60ರ ಲೆಕ್ಕದಲ್ಲಿ ಬರೆಯುತ್ತಿದ್ದರು. ಅವರು ಭಾಗಾಕಾರ ಮಾಡುತ್ತಿರಲಿಲ್ಲ. ವ್ಯುತ್ಕ್ರಮದ (60ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬರುವುದರ) ಕೋಷ್ಟಕ ಉರು ಹೊಡೆದು, ಅದರಿಂದ ಗುಣಿಸುತ್ತಿದ್ದರು. 2ಕ್ಕೆ 30, 3ಕ್ಕೆ 20, 4ಕ್ಕೆ 15, 5ಕ್ಕೆ 12, 6ಕ್ಕೆ 10. ಆಮೇಲೆ? ನೇರ 8. 7ಕ್ಕೆ ಸಾಲೇ ಇಲ್ಲ. ನೀವೇ ಗಡಿಯಾರ ಇಟ್ಟು ನೋಡಿ. ಗಂಟೆಯ ಎಂಟನೇ ಒಂದು ಭಾಗ 7 ನಿಮಿಷ 30 ಸೆಕೆಂಡ್, ಮುಗಿಯಿತು. ಏಳನೇ ಒಂದು ಭಾಗ 8 ನಿಮಿಷ 34 ಸೆಕೆಂಡ್, ಆಮೇಲೆ 17, ಮತ್ತೆ 8, 34, 17, ಮತ್ತೆ 8, 34, 17... ಮುಗಿಯುವುದೇ ಇಲ್ಲ. 60 ಅಂದರೆ 2×2×3×5. ಹಾಗಾಗಿ 2, 3, 5 ಮಾತ್ರ ಇರುವ ಸಂಖ್ಯೆಗಳಿಗಷ್ಟೇ ಅಲ್ಲಿ ಮುಗಿಯುವ ವ್ಯುತ್ಕ್ರಮ. ಬೆಂಚ್‌ಕೊನೆಯವರ ಪಟ್ಟಿ ಆ ಮಣ್ಣಿನ ಹಲಗೆಗಳ ಎಡಗಡೆ ಕಾಲಂ, ಅಷ್ಟೇ.

ನಮ್ಮ ಪಂಚಾಂಗದಲ್ಲೂ ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ. ಅದೇ ಅನುಕೂಲ.

ಇನ್ನೊಂದು ಮಜಾ. ಆ ಮಾಮೂಲಿ ಕೋಷ್ಟಕದ ಕೊನೇ ಸಾಲು ಯಾವುದು ಗೊತ್ತಾ? 1,21. ಅಂದರೆ 60+21, ಅಂದರೆ 81. ಅದರ ಎದುರು 60ರ ಲೆಕ್ಕದ ಮೂರು ಅಂಕಿ: 44, 26, 40.

ಶಂಕೆಶಂಕ್ರ · ಭಾನುವಾರ ಬೆಳಿಗ್ಗೆ 10.15

ಮೇಷ್ಟ್ರೇ, 81ಕ್ಕೆ ಕೋಷ್ಟಕ ನಿಂತಿತು, 81ಕ್ಕೆ ಜೋಡಿ ನಿಂತಿತು, ಆದ್ದರಿಂದ ಬ್ಯಾಬಿಲೋನಿನವರಿಗೆ ಗೊತ್ತಿತ್ತು ಅಂತ ಹೇಳುವುದಿಲ್ಲ ತಾನೇ? ಇಲ್ಲಿಂದ ವಾಟ್ಸಾಪ್ ಫಾರ್ವರ್ಡ್‌ಗೆ ಒಂದೇ ಹೆಜ್ಜೆ.

ನಿವೃತ್ತಮೇಷ್ಟ್ರು · ಭಾನುವಾರ ಬೆಳಿಗ್ಗೆ 10.22

ಇಲ್ಲಪ್ಪ. ಕಾಕತಾಳೀಯ. ಮಜಾ ಅಂದೆ, ಪುರಾವೆ ಅನ್ನಲಿಲ್ಲ.

ತಂಬೂರಿತಂತಿ · ಭಾನುವಾರ ಮಧ್ಯಾಹ್ನ 12.30

ಲೆಕ್ಕದಲ್ಲಿ ನಾನು ದಡ್ಡಿ. ಹಾಡು ಹೇಳಿಕೊಡುವವಳು. ಮಗ ಈ ಚರ್ಚೆ ತೋರಿಸಿ "ಅಮ್ಮಾ, ಈ ಹತ್ತು ಜೋಡಿ ನೋಡು" ಅಂದ. ಕಣ್ಣು ಕಣ್ಣು ಬಿಟ್ಟುಕೊಂಡು ನೋಡಿದೆ. ಇವು ಲೆಕ್ಕದ ಜೋಡಿಗಳಲ್ಲ ಸ್ವಾಮಿ, ನಮ್ಮ ಸ್ವರಗಳು!

ದೊಡ್ಡದನ್ನು ಮೇಲೆ, ಚಿಕ್ಕದನ್ನು ಕೆಳಗೆ ಇಟ್ಟು ಅನುಪಾತ ಮಾಡಿ. 2/1 ತಾರಸ್ಥಾಯಿ ಷಡ್ಜ. 3/2 ಪಂಚಮ. 4/3 ಶುದ್ಧ ಮಧ್ಯಮ. 5/4 ಅಂತರ ಗಾಂಧಾರ. 6/5 ಸಾಧಾರಣ ಗಾಂಧಾರ. 9/8 ಚತುಶ್ರುತಿ ರಿಷಭ, 10/9 ಅದರದೇ ಸ್ವಲ್ಪ ತಗ್ಗಿದ ರೂಪ. 16/15 ಶುದ್ಧ ರಿಷಭ. 25/24 ಅಂದರೆ ಎರಡು ಗಾಂಧಾರಗಳ ನಡುವಿನ ಅಂತರ.

ಕೊನೆಯದು 81/80. ಇದನ್ನು ಹೇಗೆ ತೋರಿಸಲಿ? ತಂಬೂರಿ ಚೆನ್ನಾಗಿ ಶ್ರುತಿಯಾಗಿದ್ದರೆ ಷಡ್ಜದ ತಂತಿಯೊಳಗಿಂದಲೇ ಒಂದು ಗಾಂಧಾರ ತಾನಾಗಿ ಕೇಳುತ್ತದೆ. ಯಾರೂ ಮೀಟಿದ್ದಲ್ಲ. ಅದು 5/4. ಈಗ ಬೇರೆ ದಾರಿಯಲ್ಲಿ ಬನ್ನಿ. ಸ ಇಂದ ಪ, ಆ ಪ ಅನ್ನೇ ಸ ಅಂದುಕೊಂಡು ಮತ್ತೆ ಪ, ಹೀಗೆ ನಾಲ್ಕು ಸಲ ಹತ್ತಿ, ಎರಡು ಸ್ಥಾಯಿ ಕೆಳಗಿಳಿಯಿರಿ. ಅದೂ ಗಾಂಧಾರವೇ, ಆದರೆ 81/64. ತಂಬೂರಿಯ ಗಾಂಧಾರ 80/64. ಎರಡರ ನಡುವೆ ಕೂದಲೆಳೆಯಷ್ಟು ಜಾಗ: 81/80. ಹೊಸ ಮಕ್ಕಳು ಗಾಂಧಾರ 'ಸ್ವಲ್ಪ ಮೇಲಾಯ್ತು' ಅಂತ ಬೈಸಿಕೊಳ್ಳುವುದು ಹೆಚ್ಚುಕಡಿಮೆ ಇಷ್ಟೇ ಅಂತರಕ್ಕೆ. 9/8ಕ್ಕೂ 10/9ಕ್ಕೂ ಇರುವ ವ್ಯತ್ಯಾಸವೂ ಇದೇ. ನಮ್ಮಲ್ಲಿ ಇದಕ್ಕೆ ಪ್ರಮಾಣ ಶ್ರುತಿ ಅನ್ನುತ್ತಾರೆ.

ಇದಾದ ಮೇಲೆ ಇನ್ನೂ ಚಿಕ್ಕ ಅಂತರದ ಜೋಡಿ ಇಲ್ಲ ಅಂತೀರಲ್ಲ, ಅದು ಕೇಳಿ ನನಗೆ ಮೈ ಜುಂ ಅಂದಿತು.

ಶಂಕೆಶಂಕ್ರ · ಭಾನುವಾರ ಮಧ್ಯಾಹ್ನ 12.48

ಅಕ್ಕಾ, ಒಂದು ತಕರಾರು. ಭರತನ ನಾಟ್ಯಶಾಸ್ತ್ರದಲ್ಲಿ 81/80 ಅಂತ ಎಲ್ಲಿದೆ?

ತಂಬೂರಿತಂತಿ · ಭಾನುವಾರ ಮಧ್ಯಾಹ್ನ 1.10

ಇಲ್ಲ. ಒಪ್ಪಿದೆ. ಭರತ ಹೇಳಿದ್ದು ಎರಡು ವೀಣೆಯ ಪ್ರಯೋಗ. ಒಂದು ಧ್ರುವ ವೀಣೆ, ಒಂದು ಚಲ ವೀಣೆ. ಎರಡನ್ನೂ ಒಂದೇ ಥರ ಶ್ರುತಿ ಮಾಡಿ, ಚಲ ವೀಣೆಯ ಪಂಚಮವನ್ನು ಒಂದು ಶ್ರುತಿ ಇಳಿಸು, ಆ ವ್ಯತ್ಯಾಸವೇ ಪ್ರಮಾಣ ಅಂತ. ಅನುಪಾತ ಬರೆದಿಲ್ಲ. ಅದನ್ನು 81/80 ಅಂತ ಓದಿದ್ದು ನಂತರದವರು. ಆದರೆ ಕಿವಿಗೆ ಆ ಅಂತರ ಇದೆ ಅನ್ನುವುದಕ್ಕೆ ಗ್ರಂಥ ಬೇಕಿಲ್ಲ, ನಮ್ಮ ಮನೆಗೆ ಬನ್ನಿ, ತೋರಿಸುತ್ತೇನೆ. ಕಾಫಿಯೂ ಕೊಡುತ್ತೇನೆ.

ನಿವೃತ್ತಮೇಷ್ಟ್ರು · ಭಾನುವಾರ ಸಂಜೆ 5.30

ಈಗ ಮೂಲ ಪ್ರಶ್ನೆಗೆ ಬರೋಣ. ಹನ್ನೊಂದನೇ ಜೋಡಿ ಇಲ್ಲವೇ ಇಲ್ಲ. ಸಾಧಿಸಿ ಆಗಿದೆ. 1897ರಲ್ಲಿ ನಾರ್ವೆಯ ಕಾರ್ಲ್ ಸ್ಟರ್ಮರ್ ಸಾಧಿಸಿದ್ದು. ಉತ್ತರ ಧ್ರುವದ ಕಡೆ ಆಕಾಶದಲ್ಲಿ ಬಣ್ಣ ಆಡುತ್ತದಲ್ಲ, ಧ್ರುವಪ್ರಭೆ, ಅದರ ಅಧ್ಯಯನಕ್ಕೆ ಹೆಸರಾದವರೂ ಇವರೇ. ಅವಿಭಾಜ್ಯಗಳ ಪಟ್ಟಿ ಯಾವುದೇ ಇರಲಿ, ಅದು ಮುಗಿಯುವ ಪಟ್ಟಿ ಆಗಿದ್ದರೆ, ಅಕ್ಕಪಕ್ಕದ ಜೋಡಿಗಳೂ ಮುಗಿಯುತ್ತವೆ ಅಂತ ಅವರ ಪ್ರಮೇಯ. ದಾರಿ ಸುಲಭ, ಕಾಗದ ಪೆನ್ನು ಹಿಡಿದು ಕೂರಿ.

80, 81 ತಗೊಳ್ಳಿ. ಎರಡನ್ನೂ ಕೂಡಿಸಿ: 161. ಅದರ ವರ್ಗ 25,921. ಒಂದು ಕಳೆಯಿರಿ: 25,920. ಇದು 4×80×81 ಅಲ್ವಾ? ಇದು ಯಾವ ಜೋಡಿಗೂ ನಡೆಯುತ್ತದೆ, ಮೊತ್ತದ ವರ್ಗದಲ್ಲಿ ಒಂದು ಕಳೆದರೆ ಗುಣಲಬ್ಧದ ನಾಲ್ಕರಷ್ಟು. ಈಗ 25,920ರಲ್ಲಿ ಇರುವ ಅವಿಭಾಜ್ಯಗಳು 2, 3, 5 ಮಾತ್ರ. ಜೋಡಿ ಜೋಡಿಯಾಗಿ ಹೊರಗೆ ತೆಗೆದರೆ 72×72 ಬರುತ್ತದೆ, ಒಂಟಿಯಾಗಿ ಒಂದು 5 ಉಳಿಯುತ್ತದೆ. ಅಂದರೆ:

161×161 − 5×72×72 = 1

ಗುರುತು ಸಿಕ್ಕಿತಾ? ಇದು ನಮ್ಮ ವರ್ಗಪ್ರಕೃತಿ, ಒಂದು ವರ್ಗದಲ್ಲಿ ಇನ್ನೊಂದು ವರ್ಗದ ಇಂತಿಷ್ಟರಷ್ಟು ಕಳೆದರೆ 1 ಉಳಿಯುವ ಸಮೀಕರಣ. ಬ್ರಹ್ಮಗುಪ್ತ 628ರಲ್ಲಿ ಕೈ ಹಾಕಿದ್ದು, ಭಾಸ್ಕರಾಚಾರ್ಯ 1150ರಲ್ಲಿ ಚಕ್ರವಾಳ ವಿಧಾನದಿಂದ ಬಿಡಿಸಿ ತೋರಿಸಿದ್ದು. ಯುರೋಪಿನವರು ಪೆಲ್ ಸಮೀಕರಣ ಅನ್ನುತ್ತಾರೆ.

ಒಂಟಿಯಾಗಿ ಉಳಿಯಬಹುದಾದ ಗುಣಕಗಳು ಎಷ್ಟು? 2, 3, 5, 6, 10, 15, 30. ಏಳೇ. ಹಾಗಾಗಿ ಪ್ರಪಂಚದ ಎಲ್ಲ ಜೋಡಿಗಳೂ ಈ ಏಳು ಸಮೀಕರಣಗಳ ಉತ್ತರಗಳಲ್ಲಿ ಅಡಗಿರಬೇಕು. ಪ್ರತಿ ಸಮೀಕರಣಕ್ಕೂ ಉತ್ತರ ಅನಂತ, ನಿಜ. ಆದರೆ ಮುಂದೆ ಹೋದ ಹಾಗೆ ಉತ್ತರದೊಳಗೆ ಹೊಸ ಅವಿಭಾಜ್ಯಗಳು ನುಗ್ಗುತ್ತವೆ. ಗುಣಕ 5ನ್ನೇ ನೋಡಿ. ಮೊದಲ ಉತ್ತರ 9, 4 (9×9 − 5×4×4 = 1). 9 ಅಂದರೆ 4+5, ಅದರಿಂದ 4-5 ಜೋಡಿ. ಎರಡನೆಯದು 161, 72. ಅದರಿಂದ 80-81. ಮೂರನೆಯದು 2889, 1292. ಈ 1292ರಲ್ಲಿ 17 ಇದೆ, 19 ಇದೆ. ಆಟ ಮುಗಿಯಿತು. ಎಲ್ಲಿಯವರೆಗೆ ನೋಡಿದರೆ ಸಾಕು ಅನ್ನುವುದಕ್ಕೆ ಅಮೆರಿಕದ ಗಣಿತಜ್ಞ ಲೇಮರ್ 1964ರಲ್ಲಿ ಚೊಕ್ಕ ಮಿತಿ ಕೊಟ್ಟರು. ನಮ್ಮ 2, 3, 5ಕ್ಕೆ ಮೊದಲ ಮೂರು ಉತ್ತರ ಸಾಕು.

ಉಳಿದವನ್ನು ನಾನೇ ಮಾಡಿದೆ. ಮಧ್ಯಾಹ್ನದ ನಿದ್ದೆ ಹೋಯಿತು. ಗುಣಕ 2 ಕೊಟ್ಟದ್ದು 1-2, 8-9. ಗುಣಕ 3 ಕೊಟ್ಟದ್ದು 3-4. ಗುಣಕ 6 ಕೊಟ್ಟದ್ದು 2-3, 24-25. ಹತ್ತರಿಂದ 9-10, ಹದಿನೈದರಿಂದ 15-16, ಮೂವತ್ತರಿಂದ 5-6. ಐದರ ಎರಡು ಸೇರಿಸಿದರೆ ಒಟ್ಟು ಹತ್ತು. ಬೆಂಚ್‌ಕೊನೆಯವರ ಕಂಪ್ಯೂಟರ್ ಹೇಳಿದ್ದೂ ಹತ್ತು.

ತಂಬೂರಿತಂತಿಯವರಿಗೆ ಒಂದು ಮಾತು. ಬರೀ 2, 3 ಇಟ್ಟುಕೊಂಡರೆ ಕೊನೇ ಜೋಡಿ 8-9. ಇದನ್ನು 1340ರ ದಶಕದಲ್ಲೇ ಲೆವಿ ಬೆನ್ ಗೆರ್ಸನ್ ಅನ್ನುವ ಯಹೂದಿ ವಿದ್ವಾಂಸರು ಫ್ರಾನ್ಸಿನಲ್ಲಿ ಸಾಧಿಸಿದ್ದರು. ಅವರಿಗೆ ಪ್ರಶ್ನೆ ಕೇಳಿದವರು ಯಾರು ಅಂತೀರಿ? ಫಿಲಿಪ್ ದ ವಿತ್ರಿ. ಸಂಗೀತಗಾರ!

ತಂಬೂರಿತಂತಿ · ಭಾನುವಾರ ಸಂಜೆ 6.02

ಮೇಷ್ಟ್ರೇ, ಕೈ ಮುಗಿದೆ. ಅರ್ಧ ಅರ್ಥ ಆಯಿತು. ಉಳಿದರ್ಧಕ್ಕೆ ಮಗನನ್ನು ಕೂರಿಸಿಕೊಂಡಿದ್ದೇನೆ.

ಘಟಂಗಿರಿ · ಭಾನುವಾರ ರಾತ್ರಿ 8.15

ಸ್ವರದವರಿಗೆ 2, 3, 5 ಸಾಕಾಯಿತು. ತಾಳದವರು ನಾವು 7 ಬಿಟ್ಟು ಬದುಕೋದು ಹೇಗೆ? 7 ಎಣಿಕೆಯ ಮಿಶ್ರ ಚಾಪು ತಾಳ ಯಾರಿಗೆ ಕೊಡಲಿ? ತಿಶ್ರ 3, ಚತುರಶ್ರ 4, ಖಂಡ 5, ಮಿಶ್ರ 7, ಸಂಕೀರ್ಣ 9. ಪಟ್ಟಿಗೆ 7 ಸೇರಿಸಿ ಲೆಕ್ಕ ಹೇಳಿ.

ಗುಣಿತಪ್ರಿಯ · ಭಾನುವಾರ ರಾತ್ರಿ 9.00

ತಪ್ಪು ತಿಳಿದುಕೊಂಡಿದ್ದರೆ ತಿದ್ದಿ. ಜೋಡಿ ಮುಗಿಯಿತು ಅಂದರೆ ಸ್ವಲ್ಪ ಮುಂದೆ ಹೋದರೆ ಈ ಸಂಖ್ಯೆಗಳೇ ಮುಗಿದುಹೋಗುತ್ತವೆ ಅಂತಲಾ?

ಮೂರುಬೆರಳು · ಭಾನುವಾರ ರಾತ್ರಿ 9.12

ಇಲ್ಲ. ಸಂಖ್ಯೆಗಳು ಅನಂತ. ಎರಡರಿಂದ ಗುಣಿಸುತ್ತಲೇ ಇದ್ದರೂ ಸಾಕು. ಆದರೆ ತೆಳ್ಳಗಾಗುತ್ತವೆ. 100ರವರೆಗೆ 34 ಇವೆ. 1,000ದವರೆಗೆ 86. ಹತ್ತು ಲಕ್ಷದವರೆಗೆ ಬರೀ 507. ಊರ ಹೊರಗೆ ಹೋದ ಹಾಗೆ ಮನೆಗಳ ನಡುವೆ ದೂರ ಜಾಸ್ತಿ ಆಗುತ್ತಲ್ಲ, ಹಾಗೆ. ಮನೆಗಳಂತೂ ಇದ್ದೇ ಇರುತ್ತವೆ.

ನಿವೃತ್ತಮೇಷ್ಟ್ರು · ಭಾನುವಾರ ರಾತ್ರಿ 9.45

ಎಣಿಕೆಯ ಮಾತು ಬಂತು, ಹಾಗಾಗಿ ರಾಮಾನುಜನ್ ಬರಲೇಬೇಕು. 1913ರಲ್ಲಿ ಮದ್ರಾಸಿನಿಂದ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಗೆ ಬರೆದ ಪತ್ರದಲ್ಲಿ ಈ ವಿಷಯ ಇದೆ. 2 ಮತ್ತು 3 ಮಾತ್ರ ಇರುವ ಸಂಖ್ಯೆಗಳು ಒಂದು ಮಿತಿಯೊಳಗೆ ಎಷ್ಟು? ಅವರ ಸೂತ್ರ: ಮಿತಿಯ ಎರಡರಷ್ಟರ ಲಾಗ್ ತಗೊಳ್ಳಿ, ಮೂರರಷ್ಟರ ಲಾಗ್ ತಗೊಳ್ಳಿ, ಎರಡನ್ನೂ ಗುಣಿಸಿ. ಅದನ್ನು 2ರ ಲಾಗ್, 3ರ ಲಾಗ್ ಇವುಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿ.

100ಕ್ಕೆ ಹಾಕಿ ನೋಡಿದೆ. ಸೂತ್ರ 19.84 ಅನ್ನುತ್ತದೆ. ಎಣಿಸಿದರೆ 20. 1,000ಕ್ಕೆ ಸೂತ್ರ 39.96, ಎಣಿಸಿದರೆ 40. ಒಂದು ಸಾಲಿನ ಸೂತ್ರ ಇಷ್ಟು ಹತ್ತಿರ ಬರಬೇಕಾದ್ದಿಲ್ಲ. ಬರುತ್ತದೆ.

ಅದೇ ಮನುಷ್ಯ ಎರಡು ವರ್ಷ ಬಿಟ್ಟು, 1915ರಲ್ಲಿ, ತನಗಿಂತ ಚಿಕ್ಕ ಯಾವ ಸಂಖ್ಯೆಗೂ ತನ್ನಷ್ಟು ಭಾಜಕಗಳಿಲ್ಲದ ಸಂಖ್ಯೆಗಳ ಪಟ್ಟಿ ಕೊಟ್ಟರು. 12, 24, 36, 48, 60, 120 ಹೀಗೆ. ಅದೂ ಅಪವರ್ತನಗಳ ಘಾತ ನೋಡಿ ಹೆಣೆದ ಶ್ರೇಣಿಯೇ. ಆ ಉದ್ದನೆಯ ಪಟ್ಟಿಯಲ್ಲಿ ಒಂದು ಸಂಖ್ಯೆ ತಪ್ಪಿಹೋಗಿದೆ: 2,93,31,86,25,600. ಕೈಯಲ್ಲಿ ಲೆಕ್ಕ ಮಾಡಿದ ಮನುಷ್ಯನ ಒಂದೇ ಒಂದು ಕಣ್ತಪ್ಪು. ಅದಕ್ಕೆ ಎಷ್ಟು ಭಾಜಕ ಅಂತ ಎಣಿಸಿದೆ. 5040. ಅದೂ ಅದೇ ಪಟ್ಟಿಯ ಸಂಖ್ಯೆ! ನಾನಂತೂ ಆ ತಪ್ಪನ್ನು ಪ್ರೀತಿಯಿಂದ ಇಟ್ಟುಕೊಂಡಿದ್ದೇನೆ.

ಶಂಕೆಶಂಕ್ರ · ಸೋಮವಾರ ಬೆಳಿಗ್ಗೆ 7.30

ಎಲ್ಲ ಸರಿ. ಆದರೆ ಅಪವರ್ತನದ ಹೆಸರಲ್ಲಿ ಬರುವ ಶ್ರೇಣಿ ಎಲ್ಲವೂ ಹೀಗೆ ಗಟ್ಟಿ ಅಲ್ಲ ಅಂತ ಹೇಳಿ ಹೋಗುತ್ತೇನೆ. 714, 715 ಕಥೆ ಇದೆಯಲ್ಲ. ಬೇಸ್‌ಬಾಲ್‌ನಲ್ಲಿ ಬೇಬ್ ರೂತ್ ಹೊಡೆದ ಹೋಮ್ ರನ್ 714. 1974ರ ಏಪ್ರಿಲ್ 8ರಂದು ಹ್ಯಾಂಕ್ ಆರನ್ 715ನೆಯದು ಹೊಡೆದು ದಾಖಲೆ ಮುರಿದರು. ಆಗ ಗಣಿತಜ್ಞ ಕಾರ್ಲ್ ಪೊಮೆರನ್ಸ್ ಮತ್ತು ಗೆಳೆಯರು ಗಮನಿಸಿದರು: 714 ಅಂದರೆ 2×3×7×17, ಕೂಡಿದರೆ 29. 715 ಅಂದರೆ 5×11×13, ಕೂಡಿದರೆ ಅದೂ 29! ಇಂಥ ಜೋಡಿಗಳಿಗೆ ರೂತ್-ಆರನ್ ಜೋಡಿ ಅಂತ ಹೆಸರು. 5-6, 8-9, 15-16, 77-78, 125-126 ಎಲ್ಲ ಹಾಗೇ. ಚೆನ್ನಾಗಿದೆ. ಆದರೆ ಅವಿಭಾಜ್ಯಗಳು ಇರುವುದೇ ಗುಣಿಸಲಿಕ್ಕೆ, ಅವನ್ನು ಕೂಡಿ ಏನು ಸಿಗುತ್ತದೆ? ಇದು ಬೇಸಿಗೆ ರಜೆಯ ಆಟ.

ನಿವೃತ್ತಮೇಷ್ಟ್ರು · ಸೋಮವಾರ ಬೆಳಿಗ್ಗೆ 8.10

ಆಟವೇ. ಆದರೆ ಆ ಆಟ ಓದಿ ಹಂಗೇರಿಯ ಗಣಿತಜ್ಞ ಪಾಲ್ ಏರ್ಡಿಶ್ ಪೊಮೆರನ್ಸ್‌ಗೆ ಫೋನ್ ಮಾಡಿದರು, ಆ ಜೋಡಿಗಳು ಎಷ್ಟು ವಿರಳ ಅಂತ ಸಾಧಿಸುವ ದಾರಿ ತನಗೆ ಗೊತ್ತು ಅಂತ. ಆಮೇಲೆ ಇಬ್ಬರೂ ಸೇರಿ ಬಹಳ ಪ್ರಬಂಧ ಬರೆದರು. ಕೊನೆಗೆ 1995ರಲ್ಲಿ ಅಮೆರಿಕದ ಎಮರಿ ವಿಶ್ವವಿದ್ಯಾಲಯ ಏರ್ಡಿಶ್‌ಗೂ ಆರನ್‌ಗೂ ಒಟ್ಟಿಗೆ ಗೌರವ ಪದವಿ ಕೊಟ್ಟಾಗ ಇಬ್ಬರೂ ಒಂದೇ ಚೆಂಡಿನ ಮೇಲೆ ಸಹಿ ಹಾಕಿದರು. ರಜೆಯ ಆಟ ಅಂತ ತಳ್ಳಿಬಿಡಬೇಡ ಮಾರಾಯ.

ಬೆಂಚ್‌ಕೊನೆ · ಸೋಮವಾರ ರಾತ್ರಿ 10.40

ಘಟಂಗಿರಿಯವರ 7 ಸೇರಿಸಿ ಓಡಿಸಿದೆ. ಈ ಸಲ ಮೇಷ್ಟ್ರ ದಾರಿಯಲ್ಲೇ. ಗುಣಕಗಳು ಏಳರ ಬದಲು ಹದಿನೈದು. ಜೋಡಿಗಳು ಹತ್ತರ ಬದಲು 23. ಕೊನೆಯದು 4374, 4375. ಮೊದಲನೆಯದು 2×2187, ಅಂದರೆ ಎರಡು ಸಲ 3ರ ಏಳನೇ ಘಾತ. ಎರಡನೆಯದು 625×7. ಮೊದಲು ಬರೆದಿದ್ದ ಪ್ರೋಗ್ರಾಂಗೆ ರಾತ್ರಿಯೆಲ್ಲ ಹಿಡಿದಿತ್ತು, ಇದಕ್ಕೆ ಸೆಕೆಂಡೂ ಹಿಡಿಯಲಿಲ್ಲ. ಮತ್ತೆ, ಮುಂದೆ ಇಲ್ಲ ಅಂತ ಈಗ ಧೈರ್ಯವಾಗಿ ಹೇಳಬಹುದು.

ಘಟಂಗಿರಿ · ಸೋಮವಾರ ರಾತ್ರಿ 10.55

4375/4374 ಅನ್ನುವ ಅಂತರ ಕಿವಿಗೆ ಗೊತ್ತಾಗುತ್ತಾ ಅಕ್ಕಾ?

ತಂಬೂರಿತಂತಿ · ಸೋಮವಾರ ರಾತ್ರಿ 11.20

ಮಗ ಲೆಕ್ಕ ಹಾಕಿದ. ಒಂದು ಸ್ಥಾಯಿಯನ್ನು 1200 ಪಾಲು ಮಾಡಿದರೆ 81/80 ಸುಮಾರು 21.5 ಪಾಲು. ಇದು 0.4. ಗೊತ್ತಾಗೋದಿಲ್ಲ ಗಿರಿ. ನನಗಂತೂ ಇಲ್ಲ. ನಮ್ಮ ಗುರುಗಳಿಗೆ ಗೊತ್ತಾಗುತ್ತಿತ್ತು ಅಂತ ಅವರೇ ಹೇಳುತ್ತಿದ್ದರು.

ಬೆಂಚ್‌ಕೊನೆ · ಗುರುವಾರ ಸಂಜೆ 6.15

ಇವತ್ತು ಇನ್ನೊಂದು ಕಡೆ ಇಂಟರ್‌ವ್ಯೂ ಆಯಿತು. ವರ್ಗಪ್ರಕೃತಿಯವರೆಗೂ ತಯಾರಾಗಿ ಹೋಗಿದ್ದೆ. ಕೇಳಿದ್ದು ಪ್ರೋಗ್ರಾಮಿಂಗ್‌ನ ಆರಂಭದ ಪಾಠ: ಲಿಂಕ್ಡ್ ಲಿಸ್ಟ್ ತಿರುಗಿಸೋದು ಹೇಗೆ ಅಂತ.